ಭತ್ತದ ಬುಡ ಬಗ್ಗಿ ನೋಡಿ

ರೈತ ಬಾಂಧವರೇ, ನಮಸ್ಕಾರ.

ಗಂಗಾವತಿ, ಸಿಂಧನೂರು ಭಾಗದ ಭತ್ತದ ಬೆಳೆಗಾರರಿಗೆ ಕಂದು ಜಿಗಿಹುಳುವನ್ನು ಪರಿಚಯಿಸಬೇಕಿಲ್ಲ. ಗದ್ದೆಯ ನಡುವೆ ಪೈರು ದುಂಡಗೆ ಸುಟ್ಟಂತೆ ಒಣಗಿದಾಗ ಎಲ್ಲರಿಗೂ ಗಾಬರಿ. ಆದರೆ ಹುಳು ಅದಕ್ಕೆ ಎಷ್ಟೋ ಮೊದಲೇ ಬುಡದಲ್ಲಿ ಕೂತು ರಸ ಹೀರುತ್ತಿರುತ್ತದೆ. ಬದುವಿನ ಮೇಲೆ ನಿಂತವರಿಗೆ ಅದು ಕಾಣದು.

ನಾಟಿ ಮಾಡಿ 30 ದಿನವಾದ ಮೇಲೆ ವಾರಕ್ಕೊಮ್ಮೆ ಗದ್ದೆಗೆ ಇಳಿಯಿರಿ. ಅಲ್ಲಲ್ಲಿ 20 ಬುಡ ಆರಿಸಿ, ಪೈರನ್ನು ಬಾಗಿಸಿ, ಅಂಗೈಯಿಂದ ತಟ್ಟಿ. ನೀರಿಗೆ ಬಿದ್ದ ಜಿಗಿಹುಳು ಎಣಿಸಿ. ಅದರ ಶತ್ರುಗಳನ್ನೂ ಎಣಿಸಿ, ಇದನ್ನೇ ನಾವು ಮರೆಯುವುದು. ಬೆನ್ನ ಮೇಲೆ ಕವೆಯಂಥ ಗುರುತಿರುವ, ನೀರಿನ ಮೇಲೆ ಓಡುವ ತೋಳಜೇಡ ದಿನಕ್ಕೆ 5ರಿಂದ 15 ಹುಳು ತಿನ್ನುತ್ತದೆ. ಹಸಿರು ಮೈ, ಕಪ್ಪು ತಲೆಯ ಪುಟ್ಟ ಮಿರಿಡ್ ತಿಗಣೆ ಜಿಗಿಹುಳುವಿನ ಮೊಟ್ಟೆಗೇ ಮೂತಿ ಚುಚ್ಚಿ ಹೀರುತ್ತದೆ. ಪಾಪ, ಇದನ್ನೇ ಹಸಿರು ಜಿಗಿಹುಳು ಅಂದುಕೊಂಡು ಔಷಧಿ ಹೊಡೆಯುವವರಿದ್ದಾರೆ.

ತೆಂಡೆಗೆ (ಬುಡದಿಂದ ಒಡೆದ ಒಂದೊಂದು ಕವಲಿಗೆ) ಒಂದು ಜಿಗಿಹುಳು ಕಂಡರೆ ಸಿಂಪಡಣೆಯ ಯೋಚನೆ ಮಾಡಬೇಕು. ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡಾಗುವವರೆಗೂ ಕಾಯಬಹುದು.

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಕೀಟನಾಶಕಗಳು ಮಾತ್ರ ಬೇಡವೇ ಬೇಡ. ಜಿಗಿಹುಳು ಮೊಟ್ಟೆ ಇಡುವುದು ಎಲೆಯ ಕವಚದೊಳಗೆ. ಔಷಧಿ ಅಲ್ಲಿಗೆ ತಲುಪುವುದಿಲ್ಲ. ಜೇಡ, ತಿಗಣೆ ಸಾಯುತ್ತವೆ. ವಾರ, ಹತ್ತು ದಿನದಲ್ಲಿ ಮೊಟ್ಟೆಯೊಡೆದ ಮರಿಗಳಿಗೆ ಆಗ ಶತ್ರುವೇ ಇಲ್ಲ. ಹೊಡೆದಷ್ಟೂ ಹುಳು ಹೆಚ್ಚುವುದು ಹೀಗೆ. ಇಂಡೋನೇಷ್ಯಾ ಇದೇ ಪೆಟ್ಟು ತಿಂದು 1986ರಲ್ಲಿ ಭತ್ತದಲ್ಲಿ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ನಾಟಿಯಾದ ಮೊದಲ ತಿಂಗಳಲ್ಲೂ ಅನಗತ್ಯ ಸಿಂಪಡಣೆ ಬೇಡ. ಆಗ ಜೇಡಗಳು ಗದ್ದೆಯ ಕೆಸರಿನಲ್ಲಿ ಹುಟ್ಟುವ ಸಣ್ಣ ನೊಣಗಳನ್ನು ತಿಂದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುತ್ತವೆ. ಯೂರಿಯಾವನ್ನು ಒಮ್ಮೆಗೇ ಸುರಿಯದೆ ಮೂರು ಕಂತಿನಲ್ಲಿ ಕೊಡಿ. ನಾಟಿಯಲ್ಲಿ ಪ್ರತಿ ಮೂರು ಮೀಟರಿಗೆ ಒಂದಡಿ ಹಾದಿ ಬಿಡಿ. ಬುಡಕ್ಕೆ ಗಾಳಿ, ಬೆಳಕು ಬೀಳುತ್ತದೆ.

ಹುಳು ಮಿತಿ ಮೀರಿದರೆ ಮೊದಲು ನೀರು ಬಸಿದು ಮೂರು ನಾಲ್ಕು ದಿನ ಗದ್ದೆ ಆರಲು ಬಿಡಿ. ಆಮೇಲೂ ಇಳಿಯದಿದ್ದರೆ ಎಕರೆಗೆ 120 ಗ್ರಾಂ ಪೈಮೆಟ್ರೋಜಿನ್ 50 ಡಬ್ಲ್ಯೂಜಿ ಎಂಬ ಹರಳು ರೂಪದ ಕೀಟನಾಶಕವನ್ನು 200 ಲೀಟರ್ ನೀರಿನಲ್ಲಿ ಬೆರೆಸಿ, ನಳಿಕೆಯನ್ನು ಕೆಳಗಿಳಿಸಿ ಬುಡಕ್ಕೇ ಸಿಂಪಡಿಸಿ. ಹುಳು ಕೂಡಲೇ ಸಾಯುವುದಿಲ್ಲ; ರಸ ಹೀರುವುದನ್ನು ನಿಲ್ಲಿಸಿ, ಹಸಿದು, ಕೆಲವು ದಿನದ ನಂತರ ಸಾಯುತ್ತದೆ. ಮರುದಿನ ಹುಳು ಓಡಾಡುವುದು ಕಂಡು ಇನ್ನೊಂದು ಔಷಧಿ ತರಲು ಅಂಗಡಿಗೆ ಹೋಗಬೇಡಿ. ಐದನೇ ದಿನ ಮತ್ತೆ ಬುಡ ತಟ್ಟಿ ಎಣಿಸಿ.