ಸುಮ್ನೆ ಕೂರುವ ಭಾಗ್ಯ ಯಾರಿಗೆ?

ನಮಸ್ಕಾರ. ಇವತ್ತು ಸುಮ್ನೆ ಕೂರುವುದರ ಬಗ್ಗೆ ಮಾತಾಡೋಣ.

ಮೊಬೈಲ್ ಹಿಡಿದು ಬಿದ್ದುಕೊಳ್ಳುವುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಕಣ್ಣಿಗೆ ಕೆಲಸ, ಬೆರಳಿಗೆ ಕೆಲಸ, ಹೊಟ್ಟೆಕಿಚ್ಚಿಗಂತೂ ಓವರ್‌ಟೈಮ್. ನಾನು ಹೇಳುವುದು ಜಗಲಿಯಲ್ಲಿ ಕಾಲು ಚಾಚಿ, ಅಂಗಳದಲ್ಲಿ ಒಣಗುವ ಅಡಿಕೆ ನೋಡುತ್ತ ಕೂರುವುದು.

ಸುಲಭ ಅಂದುಕೊಳ್ಳಬೇಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಖಾಲಿ ಕೋಣೆಯಲ್ಲಿ ಒಬ್ಬರೇ ಸುಮ್ನೆ ಕೂರಬೇಕು, 15 ನಿಮಿಷ, ಫೋನ್ ಇಲ್ಲ. ಒಂದು ಬಟನ್ ಇದೆ, ಒತ್ತಿದರೆ ಶಾಕ್. ಈ ಶಾಕ್ ತಪ್ಪಿಸಲು ದುಡ್ಡು ಬೇಕಾದರೂ ಕೊಡುತ್ತೇವೆ ಅಂತ ಮೊದಲು ಹೇಳಿದವರೇ ಅಲ್ಲಿ ಕೂತವರು! ಆದರೂ 18 ಗಂಡಸರಲ್ಲಿ 12 ಮಂದಿ ಒತ್ತಿಯೇ ಬಿಟ್ಟರು. 24 ಹೆಂಗಸರಲ್ಲಿ 6 ಮಂದಿ.

ನಮ್ಮ ಕಾಸರಗೋಡಿನಲ್ಲಿ ಆಟಿ ತಿಂಗಳಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಇಲ್ಲ, ಮುಂಜಿ ಇಲ್ಲ, ಬರೀ ಮಳೆ. ಹಿರಿಯರು ವಿಶ್ರಾಂತಿಗೆಂದೇ ಇಟ್ಟ ತಿಂಗಳು ಅಂತ ಈಗ ಹೊಗಳುವವರಿದ್ದಾರೆ. ಅದು ಹಸಿವಿನ ತಿಂಗಳೂ ಹೌದಲ್ವಾ? ಕೂಲಿ ಇಲ್ಲದೆ ಕೂತವನಿಗೆ ಎಂಥ ವಿಶ್ರಾಂತಿ? ತೋಟ ಇದ್ದವರಿಗೂ ಪುರುಸೊತ್ತಿರಲಿಲ್ಲ. ಮಳೆ ಸ್ವಲ್ಪ ಬಿಟ್ಟರೆ ಸಾಕು, ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕು.

ಇನ್ನು ಜಗಲಿಯ ವಿಷಯ. ಮಧ್ಯಾಹ್ನ ಊಟ ಆದ ಮೇಲೆ ಅಲ್ಲಿ ಯಾರಿರುತ್ತಾರೆ? ಮಾವ, ಭಾವ, ಬಂದ ನೆಂಟರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರೆ ಅರ್ಧ ಗಂಟೆ ಮಾತೂ ಬೇಡ. ಒಳಗೆ ಅತ್ತೆ ನೆಲ ಒರೆಸಿ, ಪಾತ್ರೆ ತೊಳೆದು, ಮೂರು ಗಂಟೆಯ ಚಾಯಕ್ಕೆ ನೀರಿಡುತ್ತಾರೆ. ಎಲ್ಲಾದರೂ ಕೂತರೂ ಕೈಯಲ್ಲಿ ಕತ್ತಿ. ತೆಂಗಿನ ಗರಿ ಸೀಳಿ ಕಡ್ಡಿ ಕೆರೆಯುತ್ತ ಹಿಡಿಸೂಡಿ, ಅಂದರೆ ಪೊರಕೆ, ಮಾಡುತ್ತಾರೆ. ಅದೇ ಅವರ ಆರಾಮ ಅಂತೆ. ಯಾರು ಹೇಳಿದ್ದು? ಜಗಲಿಯಲ್ಲಿ ಕೂತವರು.

ಸುಮ್ನೆ ಕೂತರೆ ಆಮೇಲೆ ಕೆಲಸ ಜಾಸ್ತಿ ಆಗುತ್ತದೆ ಅಂತ ಲಾಭದ ಲೆಕ್ಕ ಹೇಳುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಹಾಗೆ ಕೂತರೆ ಅದೂ ಡ್ಯೂಟಿಯೇ ಆಯಿತಲ್ಲ.

ಈ ಭಾನುವಾರ ಒಂದು ಕೆಲಸ ಮಾಡಿ. ಊಟ ಆದ ಮೇಲೆ ಪಾತ್ರೆ ನೀವು ತೊಳೆಯಿರಿ. ಅಮ್ಮನೋ ಅತ್ತೆಯೋ ಹೆಂಡತಿಯೋ ಬರಿಗೈಯಲ್ಲಿ ಜಗಲಿಗೆ ಬಂದು ಕೂತರೆ, "ಏನು, ಸೌಖ್ಯ ಇಲ್ವಾ?" ಅಂತ ಕೇಳಬೇಡಿ. ಚಾಯದ ಪುಡಿ ಯಾವ ಡಬ್ಬಿಯಲ್ಲಿದೆ ಅಂತಲೂ ಕೇಳಬೇಡಿ. ಹುಡುಕಿದರೆ ಸಿಗುತ್ತದೆ.