ಎರಡು ವಾರದಲ್ಲಿ ಹತ್ತು ಜಯ: ಇಂದ್ರಲಾಲ್ ರಾಯ್

[ದೃಶ್ಯ: ಉತ್ತರ ಫ್ರಾನ್ಸಿನ ನಕಾಶೆ, 1918]

ವೈರಿಯ ಕನಿಷ್ಠ ಐದು ವಿಮಾನಗಳನ್ನು ಸೋಲಿಸಿದ ಚಾಲಕನನ್ನು ‘ಏಸ್’ ಎಂದು ಕರೆಯುವ ವಾಡಿಕೆ ಮೊದಲನೆಯ ಮಹಾಯುದ್ಧದಲ್ಲಿ ಬೆಳೆಯಿತು. ಕಲ್ಕತ್ತದ ಇಂದ್ರಲಾಲ್ ರಾಯ್ ಅವರ ಹೆಸರಿನಲ್ಲಿ ಅಂಥ ಹತ್ತು ಜಯಗಳು ದಾಖಲಾಗಿವೆ. ಅವೆಲ್ಲವೂ 1918ರ ಜುಲೈ 6ರಿಂದ 19ರ ನಡುವಿನವು.

1898ರ ಡಿಸೆಂಬರ್ 2ರಂದು ಹುಟ್ಟಿ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ರಾಯ್, 1917ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆಯ ವಿಮಾನ ದಳವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿ, ಅಕ್ಟೋಬರ್ ಕೊನೆಗೆ ಅದರ 56ನೇ ಸ್ಕ್ವಾಡ್ರನ್ ತಲುಪಿದರು. ಡಿಸೆಂಬರ್ 6ರಂದು ಅವರ ವಿಮಾನ ನೆಲಕ್ಕಪ್ಪಳಿಸಿತು. ತೀವ್ರವಾಗಿ ಗಾಯಗೊಂಡಿದ್ದ ಅವರು ಹಾರಾಟಕ್ಕೆ ಅನರ್ಹರೆಂದು ವೈದ್ಯರು ತೀರ್ಪಿತ್ತರು. ಅವರ ಸೇನಾ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದರ ನಂತರದ ತಿಂಗಳುಗಳೇ. ಯುದ್ಧದಿಂದ ಗೌರವವಾಗಿಯೇ ದೂರ ಉಳಿಯಬಹುದಾಗಿದ್ದ ಹತ್ತೊಂಬತ್ತರ ಹುಡುಗ, ಚೇತರಿಕೆಯ ದಿನಗಳಲ್ಲಿ ವಿಮಾನಗಳ ಚಿತ್ರ ಬರೆಯುತ್ತಾ, ಮತ್ತೆ ಹಾರಲು ಬಿಡಿ ಎಂದು ಪಟ್ಟು ಹಿಡಿದು ಕೊನೆಗೂ ಒಪ್ಪಿಗೆ ಪಡೆದರು.

[ದೃಶ್ಯ: ಎಸ್.ಇ.5ಎ ವಿಮಾನದ ರೇಖಾಚಿತ್ರ]

1918ರ ಜೂನ್‌ನಲ್ಲಿ ಅವರು 40ನೇ ಸ್ಕ್ವಾಡ್ರನ್ನಿಗೆ ಬಂದು, ಹೆಸರಾಂತ ಏಸ್ ಜಾರ್ಜ್ ಮ್ಯಾಕೆಲ್ರಾಯ್ ಅವರ ತುಕಡಿಯಲ್ಲಿ ಹಾರಿದರು. ಅವರು ಹಾರಿಸಿದ ಎಸ್.ಇ.5ಎ ಒಬ್ಬನೇ ಕೂರುವ ವಿಮಾನ. ತಿರುಗುವ ಪ್ರೊಪೆಲ್ಲರ್‌ಗೆ ತಾಗದಂತೆ ಅದರ ನಡುವಿನಿಂದಲೇ ಗುಂಡು ಹಾರಿಸುವ ಒಂದು ವಿಕರ್ಸ್ ಬಂದೂಕು ಮುಂದೆ, ಒಂದು ಲೂಯಿಸ್ ಬಂದೂಕು ಮೇಲಿನ ರೆಕ್ಕೆಯ ಮೇಲೆ. ರಾಯ್ ಸೋಲಿಸಿದವುಗಳಲ್ಲಿ ಹಲವು ಇಬ್ಬರು ಕೂರುವ ಜರ್ಮನ್ ಹ್ಯಾನೋವರ್ ವಿಮಾನಗಳಾಗಿದ್ದವು. ಬಾಲದ ರೆಕ್ಕೆಗಳನ್ನು ಚಿಕ್ಕದಾಗಿಸಿ ಒಂದರ ಮೇಲೊಂದು ಜೋಡಿಸಿದ್ದ ಕಾರಣ, ಅದರ ಹಿಂದಿನ ಆಸನದ ಬಂದೂಕುದಾರನಿಗೆ ಗುರಿಯಿಡಲು ಅಡ್ಡಿ ಕಡಿಮೆಯಿತ್ತು. ಹಿಂದಿನಿಂದ ಅದರ ಹತ್ತಿರ ಹೋಗುವುದು ಸುಲಭದ ಮಾತಾಗಿರಲಿಲ್ಲ. ಜುಲೈ 8ರಂದು ರಾಯ್ ಕೆಲವೇ ಗಂಟೆಗಳಲ್ಲಿ ಮೂರು ಜಯ ಗಳಿಸಿದರು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಾಶವಾದ ವಿಮಾನಗಳನ್ನಷ್ಟೇ ಅಲ್ಲ, ಹಿಡಿತ ತಪ್ಪಿ ಕೆಳಗಿಳಿದವುಗಳನ್ನೂ ಬ್ರಿಟಿಷರು ಜಯವೆಂದೇ ಎಣಿಸುತ್ತಿದ್ದರು. ಆದ್ದರಿಂದ ಹತ್ತು ಜಯಗಳೆಂದರೆ ಹತ್ತು ವಿಮಾನಗಳು ಸುಟ್ಟು ಬಿದ್ದವು ಎಂದಲ್ಲ. ಇದರಿಂದ ರಾಯ್ ಅವರ ಸಾಹಸ ಎಳ್ಳಷ್ಟೂ ಕುಗ್ಗುವುದಿಲ್ಲ, ಏಕೆಂದರೆ ಅಂದಿನ ಎಲ್ಲ ಬ್ರಿಟಿಷ್ ಏಸ್‌ಗಳ ಲೆಕ್ಕವೂ ಹೀಗೆಯೇ ಆದದ್ದು.

ಜುಲೈ 22ರಂದು ಕಾರ್ವಿನ್ ಊರಿನ ಮೇಲೆ ಜರ್ಮನ್ ಫೋಕರ್ ವಿಮಾನಗಳೊಡನೆ ಕಾದಾಡುತ್ತಾ ಅವರು ಮಡಿದರು. ಆಗ ಬ್ರಿಟಿಷ್ ಯುದ್ಧವಿಮಾನ ಚಾಲಕರಿಗೆ ಪ್ಯಾರಾಚೂಟ್ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಣೆಯಾಯಿತು. ಅವರ ಸೋದರಳಿಯ ಸುಬ್ರೊತೊ ಮುಖರ್ಜಿ ಕೂಡ ಯುದ್ಧವಿಮಾನ ಚಾಲಕರಾಗಿ, 1954ರಲ್ಲಿ ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು.