ಬಣ್ಣ ತಪ್ಪಿದ್ದು ಯಾರ ಮೇಜಿನ ಮೇಲೆ?

(ಕಲಬುರಗಿಯಲ್ಲಿ ಅನಿಮೇಷನ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರಿಗೆ, ಗುರುಗಳಿಗೆ, ವಿದ್ಯಾರ್ಥಿ ಮಿತ್ರರಿಗೆ ಶರಣು ಶರಣಾರ್ಥಿಗಳು.

ನಿಮ್ಮ ಸೂಚನಾ ಫಲಕದ ಮೇಲೆ ‘ದಿ ಸಿಂಪ್ಸನ್ಸ್’ ಎಂಬ ಅಮೆರಿಕದ ಅನಿಮೇಷನ್ ಧಾರಾವಾಹಿಯ ತಪ್ಪುಗಳ ಪಟ್ಟಿಯೊಂದನ್ನು ಯಾರೋ ಅಂಟಿಸಿದ್ದಾರೆ. ಅದನ್ನು ಓದಿದ ಮೇಲೆ, ಬರೆದು ತಂದಿದ್ದ ಭಾಷಣವನ್ನು ಚೀಲದಲ್ಲಿಯೇ ಉಳಿಸಿದ್ದೇನೆ. ಪಟ್ಟಿ ಚೆನ್ನಾಗಿದೆ, ಆದರೆ ಏನು ತಪ್ಪಿದೆ ಎಂಬುದನ್ನಷ್ಟೇ ಹೇಳಿ ಅದು ನಿಂತುಬಿಡುತ್ತದೆ. ಆ ತಪ್ಪು ಯಾರ ಮೇಜಿನ ಮೇಲೆ ಆಯಿತು ಎಂದು ಕೇಳದಿದ್ದರೆ, ಅನಿಮೇಷನ್ ಕಲಿಯಲು ಬಂದವರಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದು ನನ್ನ ಹಟ. ಇಲ್ಲಿಂದ ದೂರವೇನೂ ಇಲ್ಲದ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷ ಯಾವುದು, ಅದೋಷ ಯಾವುದು ಎಂಬ ನಿರ್ಣಯಕ್ಕೆ ಮೀಸಲಾಗಿದೆ. ದೋಷವನ್ನು ಎಣಿಸುವುದಕ್ಕಿಂತ ವಿಂಗಡಿಸುವುದು ಕಷ್ಟವೆಂದು ನಮ್ಮ ಸೀಮೆಯವರಿಗೆ ಒಂಬತ್ತನೆಯ ಶತಮಾನದಲ್ಲಿಯೇ ಗೊತ್ತಿತ್ತು.

ನಿಮ್ಮ ಪಟ್ಟಿಯ ಮೊದಲ ಸಾಲನ್ನೇ ತೆಗೆದುಕೊಳ್ಳೋಣ. ಅಣುಸ್ಥಾವರದ ಮಾಲೀಕ ಬರ್ನ್ಸ್‌ನ ಬಲಗೈಯಾದ ಸ್ಮಿದರ್ಸ್, 1990ರ ಜನವರಿಯ ಕಂತಿನಲ್ಲಿ ಕಪ್ಪು ಮೈಬಣ್ಣ, ನೀಲಿ ಕೂದಲುಗಳೊಂದಿಗೆ ಕಾಣಿಸಿಕೊಂಡು, ಮುಂದೆ ಹಳದಿಯಾಗಿಬಿಡುತ್ತಾನೆ. ಇದು ಬಣ್ಣದ ಮೇಜಿನ ತಪ್ಪು. ಅಲ್ಲಿ ಕುಳಿತಿದ್ದವರು ಜಾರ್ಜಿ ಪೆಲೂಸ್; ಸಿಂಪ್ಸನ್ ಕುಟುಂಬಕ್ಕೆ ಆ ಜಗತ್ಪ್ರಸಿದ್ಧ ಹಳದಿಯನ್ನು ಕೊಟ್ಟವರೂ ಅವರೇ. ತಿದ್ದಲು ಹಣವಿರಲಿಲ್ಲವಾದ್ದರಿಂದ ಕಂತು ಹಾಗೆಯೇ ಪ್ರಸಾರವಾಯಿತು. ಆಗ ಸ್ಮಿದರ್ಸ್ ಕೆರಿಬಿಯನ್ ದ್ವೀಪಗಳಲ್ಲಿ ರಜೆ ಕಳೆದು ಬಿಸಿಲಿಗೆ ಕಂದಿ ಬಂದಿದ್ದನೆಂದು ನಿರ್ದೇಶಕ ಡೇವಿಡ್ ಸಿಲ್ವರ್‌ಮನ್ ಆಮೇಲೆ ಚಟಾಕಿ ಹಾರಿಸಿದರು. ಅಷ್ಟಕ್ಕೇ ಅಷ್ಟು ಬಣ್ಣ ಬದಲಾಗುವುದಾದರೆ, ಮೇ ತಿಂಗಳ ಕಲಬುರಗಿಯಲ್ಲಿ ನಮ್ಮ ಗುರುತು ನಮಗೇ ಸಿಗುತ್ತಿರಲಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರವನ್ನು ನೋಡಬಾರದೆಂದು ಮೊದಲೇ ವಿನಂತಿಸುತ್ತೇನೆ. ಮ್ಯಾಟ್ ಗ್ರೋನಿಂಗ್ ಸೃಷ್ಟಿಸಿದ ಈ ಕುಟುಂಬವು 1987ರಿಂದ ಟ್ರೇಸಿ ಉಲ್‌ಮನ್ ಅವರ ಕಾರ್ಯಕ್ರಮದ ನಡುವೆ ಪುಟ್ಟ ತುಣುಕುಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅರ್ಧ ಗಂಟೆಯ ಧಾರಾವಾಹಿಯಾದಾಗ, ಧ್ವನಿಮುದ್ರಣ, ಮುಖ್ಯ ಭಂಗಿಗಳ ರೇಖಾಚಿತ್ರ ಮೊದಲಾದ ಕೆಲಸಗಳು ಅಮೆರಿಕದಲ್ಲಿ ಮುಗಿದು, ನಡುವಣ ಸಾವಿರಾರು ಚಿತ್ರಗಳನ್ನು ಬರೆದು ಬಣ್ಣ ತುಂಬುವ ಕೆಲಸ ದಕ್ಷಿಣ ಕೊರಿಯಾಕ್ಕೆ ಹೋಗುತ್ತಿತ್ತು. ಹಾಗೆ ಮೊದಲು ಮರಳಿ ಬಂದ ಕಂತನ್ನು ನೋಡಿದ ನಿರ್ಮಾಪಕರು ದಿಗಿಲುಗೊಂಡರು. ಮನುಷ್ಯರು ಎಷ್ಟೇ ವಿಚಿತ್ರವಾಗಿರಲಿ, ಬಾಗಿಲು ಬಾಗಿಲಿನಂತೆ, ಗೋಡೆ ಗೋಡೆಯಂತೆ ಗಟ್ಟಿಯಾಗಿರಬೇಕೆಂಬುದು ಈ ಧಾರಾವಾಹಿಯ ಮೂಲ ನಿಯಮವಾಗಿತ್ತು; ಬಂದ ಕಂತಿನಲ್ಲಿ ಎಲ್ಲವೂ ರಬ್ಬರಿನ ಹಾಗೆ ಬಳುಕುತ್ತಿತ್ತು. ಸುಮಾರು 70 ಪ್ರತಿಶತ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಶರತ್ಕಾಲಕ್ಕೆಂದು ನಿಶ್ಚಯಿಸಿದ್ದ ಆರಂಭವು 1989ರ ಡಿಸೆಂಬರ್ 17ಕ್ಕೆ ಹೋಯಿತು; ಎಂಟನೆಯದಾಗಬೇಕಿದ್ದ ಕ್ರಿಸ್‌ಮಸ್ ಕಂತು ಮೊದಲನೆಯದಾಯಿತು; ಮೊದಲನೆಯದು 1990ರ ಮೇ ತಿಂಗಳಲ್ಲಿ, ಧಾರಾವಾಹಿಯ ಮೊದಲ ಋತುವಿನ (ಸೀಸನ್‌ನ) ಕೊನೆಯಲ್ಲಿ ಪ್ರಸಾರವಾಯಿತು. ಆದ್ದರಿಂದ ಆ ಋತುವಿನಲ್ಲಿ ಚಿತ್ರಗಳ ಶೈಲಿ ಹಿಂದಕ್ಕೂ ಮುಂದಕ್ಕೂ ಜಿಗಿದಂತೆ ಕಂಡರೆ ಕಲಾವಿದನನ್ನು ಬಯ್ಯುವ ಮುನ್ನ ಪ್ರಸಾರದ ಕ್ರಮವನ್ನು ಪಕ್ಕಕ್ಕಿಟ್ಟು ತಯಾರಿಕೆಯ ಕ್ರಮವನ್ನು ನೋಡಬೇಕು. ಅಲ್ಲಿ ತಪ್ಪಿದ್ದು ವೇಳಾಪಟ್ಟಿಯ ಮೇಜಿನ ಮೇಲೆ. ಕುಡುಕ ಬಾರ್ನಿಯ ಕೂದಲು ಆರಂಭದಲ್ಲಿ ಹಳದಿಯಾಗಿದ್ದು ಆಮೇಲೆ ಕಂದು ಬಣ್ಣಕ್ಕೆ ತಿರುಗಿದ್ದನ್ನೂ ನೀವು ತಪ್ಪೆಂದು ಬರೆದಿದ್ದೀರಿ. ಅದು ತಪ್ಪಲ್ಲ, ಮೈಬಣ್ಣದ ಕೂದಲು ಸಿಂಪ್ಸನ್ ಕುಟುಂಬಕ್ಕೆ ಮಾತ್ರ ಇರಲಿ ಎಂದು ನಡುವೆ ಕೈಗೊಂಡ ತೀರ್ಮಾನ.

ಬೇಕೆಂದೇ ಇಟ್ಟ ತಪ್ಪುಗಳ ಜಾತಿಯೇ ಬೇರೆ. 1995ರ ಒಂದು ಕಂತಿನಲ್ಲಿ ಸಿಂಪ್ಸನ್ ಕುಟುಂಬದ ತಂದೆ ಹೋಮರ್ ಮೂರು ಆಯಾಮಗಳ ಲೋಕಕ್ಕೆ ಜಾರಿಬಿದ್ದಾಗ, ಅವನ ಹಿಂದೆ ಒಂದು ಸಮೀಕರಣ ತೇಲುತ್ತದೆ: 1782ರ ಹನ್ನೆರಡನೆಯ ಘಾತಕ್ಕೆ 1841ರ ಹನ್ನೆರಡನೆಯ ಘಾತವನ್ನು ಕೂಡಿಸಿದರೆ 1922ರ ಹನ್ನೆರಡನೆಯ ಘಾತ. ಎರಡಕ್ಕಿಂತ ದೊಡ್ಡ ಘಾತಗಳಲ್ಲಿ ಪೂರ್ಣಸಂಖ್ಯೆಗಳು ಹೀಗೆ ಕೂಡಿಬರುವುದಿಲ್ಲವೆಂಬ, ಗಣಿತಜ್ಞ ಫರ್ಮಾ ಅವರ ಕೊನೆಯ ಪ್ರಮೇಯದ ಪ್ರಕಾರ ಇದು ಅಸಾಧ್ಯ. ಆ ಪ್ರಮೇಯಕ್ಕೆ ಗಣಿತಜ್ಞ ಆಂಡ್ರೂ ವೈಲ್ಸ್ ಕೊಟ್ಟ ಪುರಾವೆ ಪ್ರಕಟವಾದದ್ದೂ ಅದೇ ವರ್ಷ. ಆದರೆ ಹತ್ತಂಕಿಯ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿದರೆ ಸರಿಯೆಂದೇ ಬರುತ್ತದೆ. ಬರಹಗಾರ ಡೇವಿಡ್ ಕೊಹೆನ್ ಇಂತಹ ಕೂದಲೆಳೆಯ ಅಂತರದ ಸಂಖ್ಯೆಗಳನ್ನು ಹುಡುಕಲೆಂದೇ ಕಂಪ್ಯೂಟರ್ ಪ್ರೋಗ್ರಾಮ್ ಬರೆದಿದ್ದರು. ಅವರ ಮೋಸವನ್ನು ಹಿಡಿಯಲು ಕ್ಯಾಲ್ಕುಲೇಟರ್ ಬೇಕಾಗಿಯೇ ಇಲ್ಲ: ಎಡಗಡೆ ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ, ಮೊತ್ತ ಬೆಸವೇ ಆಗಬೇಕು, ಬಲಗಡೆ ಇರುವುದು ಸಮ. ಗಣಿತ ವಿಭಾಗದ ಗುರುಗಳು ನಗುತ್ತಿದ್ದಾರೆ. ಅವರಿಗೆ ಆಗಲೇ ಹೊಳೆದಿರಬೇಕು. ಇದು ಲೇಖಕನ ಮೇಜಿನ ಮೇಲೆ ಎಚ್ಚರದಿಂದ ಮಾಡಿದ ತಪ್ಪು. ದೋಷವೆನ್ನಲು ನನಗೆ ಮನಸ್ಸಿಲ್ಲ.

ಚೀಟಿ ಬಂದಿದೆ. ವಯಸ್ಸಿನ ವಿಷಯವನ್ನು ಬೇಗನೆ ಮುಗಿಸುತ್ತೇನೆ. ಬಾರ್ಟ್‌ಗೆ ಎಂದೆಂದಿಗೂ ಹತ್ತು ವರ್ಷ, ಲೀಸಾಳಿಗೆ ಎಂಟು. 1991ರ ಕಂತಿನಲ್ಲಿ ತಂದೆತಾಯಿ 1974ರಲ್ಲಿ ಹೈಸ್ಕೂಲಿನಲ್ಲಿದ್ದರು. 2008ರ ಕಂತಿನಲ್ಲಿ ಅವರ ಪ್ರೇಮಕಾಲವೇ ತೊಂಬತ್ತರ ದಶಕಕ್ಕೆ ಸರಿದುಬಿಟ್ಟಿತು. ಮಕ್ಕಳು ಬೆಳೆಯಬಾರದೆಂದು ಒಪ್ಪಿಕೊಂಡ ಮೇಲೆ ಹೆತ್ತವರ ಯೌವನವನ್ನು ಮುಂದೆ ತಳ್ಳದೆ ಬೇರೆ ದಾರಿಯಿಲ್ಲ. ಈ ಪಾತ್ರಗಳ ಕೈಗೆ ನಾಲ್ಕೇ ಬೆರಳು ಏಕೆಂಬ ಪ್ರಶ್ನೆಯನ್ನು ಚಹಾದ ಹೊತ್ತಿಗೆ ಇಟ್ಟುಕೊಳ್ಳೋಣ. ಬರ್ನ್ಸ್ ಮತ್ತು ಸ್ಮಿದರ್ಸ್ ಇಬ್ಬರಿಗೂ ಹ್ಯಾರಿ ಶಿಯರರ್ ಒಬ್ಬರೇ ಧ್ವನಿ ಕೊಟ್ಟಿದ್ದಾರೆಂಬುದನ್ನು ಮಾತ್ರ ಬರೆದುಕೊಳ್ಳಿ. ಮಾಲೀಕನೂ ನೌಕರನೂ ಒಂದೇ ಗಂಟಲು.

ಕೊನೆಯದಾಗಿ ಬಾರ್ಟ್‌ನ ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್. 1997ರ ಕಂತೊಂದು, ಈತ ಸ್ಕಿನ್ನರ್ ಅಲ್ಲವೇ ಅಲ್ಲ, ಆರ್ಮಿನ್ ಟ್ಯಾಮ್ಜೇರಿಯನ್ ಎಂಬ ಬೇರೊಬ್ಬ ಮನುಷ್ಯನೆಂದು ಹೇಳಿತು. ಹಿಂದಿನ ಎಂಟು ಋತುಗಳೂ ಒಮ್ಮೆಗೇ ಸುಳ್ಳಾದವು. ಆ ಪಾತ್ರಕ್ಕೆ ಧ್ವನಿ ಕೊಡುವ ಶಿಯರರ್ ಅವರೇ ಇದನ್ನು ಬಹಿರಂಗವಾಗಿ ಟೀಕಿಸಿದರು. ಇಲ್ಲಿ ಬಣ್ಣವೂ ಸರಿ, ವೇಳಾಪಟ್ಟಿಯೂ ಸರಿ. ಎಡವಿದ್ದು ಕಥೆಯ ಮೇಜು. ಅದನ್ನು ಮುಚ್ಚಲು ಕಥೆಯೊಳಗೇ ನ್ಯಾಯಾಧೀಶನೊಬ್ಬನನ್ನು ನಿಲ್ಲಿಸಿ, ಇನ್ನು ಮುಂದೆ ಈ ಸಂಗತಿಯನ್ನು ಯಾರೂ ಎತ್ತಕೂಡದು, ಎತ್ತಿದವರಿಗೆ ಚಿತ್ರಹಿಂಸೆ ಎಂದು ತೀರ್ಪು ಕೊಡಿಸಿದರು. ನಿಮ್ಮ ಪಟ್ಟಿಯಲ್ಲಿ ಅದು ಮೂರನೆಯ ಸಾಲಿನಲ್ಲಿದೆ. ಬರೆದವರು ಯಾರೆಂದು ನಾನು ಕೇಳುವುದಿಲ್ಲ.